ನಾನು ಒಪ್ಪಿಗೆ ಕೊಟ್ಟ ನಾಲ್ಕನೇ ಇಯತ್ತೆಯ ಪುಸ್ತಕ

ಹೆದರುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗ. ರಾಜ್ಯ ಒಂದಾದ ಮರುವರ್ಷ, ಮುಂಬಯಿ ಸರಕಾರದ ಕಾಲದ ಪಠ್ಯ ಬದಲಿಸಬೇಕೆಂದು, ನಾಲ್ಕನೇ ಇಯತ್ತೆಯ ಸಮಾಜ ಪರಿಚಯಕ್ಕೆ ಹೊಸ ಪುಸ್ತಕ ಆರಿಸಲು ಶಿಕ್ಷಣ ಖಾತೆಯ ಸಾಹೇಬರು ಮೂವರು ಮಾಸ್ತರರನ್ನು ಬಾಗಲಕೋಟೆಗೆ ಕರೆಸಿದರು. ಕಮತಗಿಯ ಶಾಲೆಯಿಂದ ನಾನು ಹೋದೆ. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ.

ಮೇಜಿನ ಮೇಲೆ ಮೂರು ಪುಸ್ತಕಗಳಿದ್ದವು. ಒಂದರಲ್ಲಿ ಬಾದಾಮಿಯ ಕೆರೆಯ ಚಿತ್ರ ಎಷ್ಟು ಚಂದವಿತ್ತೆಂದರೆ, ಮಕ್ಕಳಿಗೆ ಇದೇ ಸರಿ ಎನಿಸಿತು. ಆದರೆ ಎಲ್ಲಕ್ಕಿಂತ ಮೇಲೆ ಇಟ್ಟಿದ್ದ ಪುಸ್ತಕ ಬರೆದವರು ಸಾಹೇಬರ ಖಾಸಾ ಬೀಗರೆಂಬುದು ಜವಾನನಿಗೂ ಗೊತ್ತಿತ್ತು. ಅದರಲ್ಲಿ ಕಸಬುಗಳ ಪಾಠ ತೆರೆದೆ. ಇಳಕಲ್ಲಿನ ನೇಕಾರರಿಗೆ ಎರಡು ಪುಟ. ಕುರಿ ಕಾಯುವವರಿಗೆ ಒಂದೇ ಸಾಲು: ಅವರು ಊರೂರು ಅಲೆಯುವ, ಕೊಳಕಾಗಿ ಬಾಳುವ ದಡ್ಡ ಜನ.

ನನ್ನ ಅಪ್ಪ ಆ ಹೊತ್ತಿಗೆ ಹುನಗುಂದದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿಕೊಂಡಿದ್ದ. ಈ ಸಾಲು ತೆಗೆಸಿರೆಂದು ಬರೆದರೆ ಸಾಹೇಬರು ನನ್ನನ್ನೇ ತೆಗೆಯುತ್ತಾರೆ. ಉಳಿದಿಬ್ಬರು ಓದಿದ ಶಾಸ್ತ್ರ ಮಾಡಿ, ಸಹಿ ಹಾಕಿ, ಚಹಾಕ್ಕೆ ಎದ್ದರು. ನಾನೂ ‘ಯೋಗ್ಯ’ ಎಂದು ಬರೆದು ಸಹಿ ಹಾಕಿದೆ.

ಜೂನಿನಲ್ಲಿ ಪುಸ್ತಕ ಬಂತು. ಅದೇ ವಾರ ಅಪ್ಪನೂ ಬಂದ. ಮಗ ಸರಕಾರದ ಪುಸ್ತಕ ಆರಿಸಿದನೆಂದು ಯಾರೋ ಹೇಳಿದ್ದರು. ಹೆಗಲ ಕಂಬಳಿಯನ್ನು ಕಟ್ಟೆಗೆ ಹಾಸಿ ಕೂತು, ನಮ್ಮ ಮಂದಿಯ ಬಗ್ಗೆ ಏನಿದೆ ಓದು ಎಂದ. ಸಾಹೇಬರ ಮುಂದೆಯೂ ನನಗೆ ಅಷ್ಟು ಭಯವಾಗಿರಲಿಲ್ಲ.

ಅಪ್ಪನಿಗೆ ಅಕ್ಷರ ಬಾರದು. ಆ ಪುಟ ತೆರೆದು, ಅಲ್ಲಿಲ್ಲದ್ದನ್ನು ಓದತೊಡಗಿದೆ. ಕುರಿ ಕಾಯುವವರು ಮಳೆಯ ಜಾಡು ಬಲ್ಲವರು, ಅವರ ಹಿಂಡು ಕೂತೆದ್ದ ಹೊಲ ಎರಡು ವರ್ಷ ಸೊಕ್ಕಿ ಬೆಳೆಯುತ್ತದೆ, ಅವರ ಉಣ್ಣೆಯೇ ನಾಡಿನ ಮೈ ಬೆಚ್ಚಗಿಡುತ್ತದೆ ಎಂದೆ. ಅಪ್ಪ ಕಣ್ಣು ಮುಚ್ಚಿ ಕೇಳಿದ.

‘ಇನ್ನೊಮ್ಮೆ ಓದಪಾ,’ ಎಂದ.

ನಮ್ಮ ಕುಲದೇವರು ಬೀರಪ್ಪನ ಹಾಡನ್ನು ಒಂದು ನುಡಿ ತಪ್ಪದೆ ದಿನವಿಡೀ ಹಾಡುವವನು ಅವನು. ಒಮ್ಮೆ ಕೇಳಿದ್ದನ್ನು ಮರೆತವನಲ್ಲ. ನನಗೋ ನನ್ನ ಮಾತೇ ನೆನಪಿರಲಿಲ್ಲ. ಎರಡನೆಯ ಸಲ ಉಣ್ಣೆ ಮೊದಲು ಬಂತು, ಮಳೆ ಬಿಟ್ಟೇಹೋಯಿತು, ಹೊಲ ಮೂರು ವರ್ಷ ಬೆಳೆಯಿತು.

ಅಪ್ಪ ಪುಸ್ತಕ ತೆಗೆದುಕೊಂಡು ಮುಚ್ಚಿ, ತಿರುಗಿ ನನ್ನ ಕೈಗಿಟ್ಟು, ಕಂಬಳಿ ಝಾಡಿಸಿ ಹೆಗಲಿಗೇರಿಸಿದ.

‘ನೀ ಮೊದಲ ಓದಿದ್ದು ಭಾಳ ಚಲೋ ಇತ್ತು,’ ಎಂದ. ‘ಸಾಹೇಬರ ಮುಂದ ಅಷ್ಟ ಹೇಳಿ ಬಂದಿದ್ರ ಸಾಕಿತ್ತು.’