ಟಿಂಕರ್ ಮೇಸ್ತ್ರಿಯ ಎಡಗೈ

ಹೋದ ವಾರ ಸೊರಬದ ಬಸ್ ನಿಲ್ದಾಣದ ಹೊರಗೆ ಒಂದು ಗೂಡ್ಸ್ ಟೆಂಪೊ ಕೆಟ್ಟು ನಿಂತಿತ್ತು. ಅದರ ಹಿಂಭಾಗದಿಂದ ಗೇರ್ ಎಣ್ಣೆ ಸೋರಿ, ಕಾದು, ಸುಟ್ಟ ವಾಸನೆ ಬರುತ್ತಿತ್ತು. ಆ ವಾಸನೆ ಬೇರೆ ಯಾವ ಎಣ್ಣೆಗೂ ಇಲ್ಲ, ಗಂಧಕದಂಥ ಒಂದು ಘಾಟು... ಮೂಗಿಗೆ ಹೊಕ್ಕರೆ ಗಂಟಲಲ್ಲೇ ಕೂರುತ್ತದೆ. ನಾನು ಹತ್ತಬೇಕಿದ್ದ ಬಸ್ಸು ಹೊರಟುಹೋಯಿತು. ನಾನು ಅಲ್ಲೇ ನಿಂತಿದ್ದೆ. ಶಿಕಾರಿಪುರದ ಟಿಂಕರ್ ಮೇಸ್ತ್ರಿ ನೆನಪಾಗಿದ್ದರು.

ಜಜ್ಜಿಹೋದ ಗಾಡಿಗಳ ತಗಡನ್ನು ಬಡಿದು ಮೊದಲಿನಂತೆ ಮಾಡುವುದು ಅವರ ಕಸುಬು. ಅವರ ತಂದೆ ಕೊಡ, ಬಕೆಟ್ಟುಗಳಿಗೆ ತಳ ಹಾಕುತ್ತಿದ್ದರಂತೆ. ಇವರು ಲಾರಿ, ಜೀಪುಗಳಿಗೆ ಇಳಿದರು. ಕೆಂಚು ಗಡ್ಡ, ಮಾಸಿದ ಬಿಳಿ ಟೋಪಿ, ಮಾತು ಕಡಿಮೆ. ಶೆಡ್ಡಿನಲ್ಲಿ ಒಬ್ಬರೇ ದುಡಿಯುತ್ತಿದ್ದರು. ತಗಡು ನೇರವಾಯಿತೋ ಇಲ್ಲವೋ ಎಂದು ಕಣ್ಣಿನಿಂದ ನೋಡುತ್ತಿರಲಿಲ್ಲ. ಎಡಗೈಯ ಅಂಗೈಯಿಂದ ಅದನ್ನು ಮೆಲ್ಲಗೆ ಸವರುತ್ತಿದ್ದರು. ನನ್ನ ಕಣ್ಣಿಗೆ ಕನ್ನಡಿಯಂತಿದ್ದ ಕಡೆ ಅವರ ಅಂಗೈ ನಿಂತುಬಿಡುತ್ತಿತ್ತು, ಅಲ್ಲಿ ಇನ್ನೊಂದು ಏಟು ಬೇಕು ಎಂದು ಅರ್ಥ. ಒಮ್ಮೆ ನಾನು ಅವರ ಸುತ್ತಿಗೆಯ ಕೈಯನ್ನು ಹೊಗಳಿದಾಗ ಅವರು ನಕ್ಕರು. “ಬಲಗೈ ಕೂಲಿಯಾಂವ ರೀ. ಮೇಸ್ತ್ರಿ ಇದು,” ಎಂದು ಎಡಗೈ ತೋರಿಸಿದರು.

ಆಗ ಸೊರಬದಲ್ಲಿ ನನ್ನದೊಂದು ಔಷಧಿ ಅಂಗಡಿ ಇತ್ತು. ಮದುವೆಯಾಗಿರಲಿಲ್ಲ, ಹುಚ್ಚುಗಳಿದ್ದವು. ಮುಚ್ಚಿಹೋದ ಅಕ್ಕಿ ಗಿರಣಿಯೊಂದರ ಗೋದಾಮಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ವಿಲಾಯತಿ ಸ್ಪೋರ್ಟ್ಸ್ ಕಾರನ್ನು ಕೊಂಡಿದ್ದೆ. ಎರಡೇ ಸೀಟು, ಉದ್ದ ಮೂತಿ, ಮೇಲೆ ಹೊದಿಕೆ ಇಲ್ಲ. ಎರಡು ವರ್ಷ ಒದ್ದಾಡಿದ ಮೇಲೆ ಇಂಜಿನ್ನು ಮಾತಾಡಿತು. ಆದರೆ ಅದಕ್ಕೊಂದು ಹುಟ್ಟು ಕಾಯಿಲೆ ಇತ್ತು. ಹಿಂದಿನ ಬ್ರೇಕುಗಳು ಚಕ್ರದ ಪಕ್ಕ ಇರದೆ, ನಡುವೆ ಡಿಫರೆನ್ಷಿಯಲ್ಲಿನ ಎರಡೂ ಮಗ್ಗುಲಿಗೆ ಅಂಟಿಕೊಂಡಿದ್ದವು. ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಹಂಚುವ ಹಲ್ಲುಗಾಲಿಗಳ ಪೆಟ್ಟಿಗೆ ಅದು. ಬ್ರೇಕು ಒತ್ತಿದಷ್ಟೂ ಪೆಟ್ಟಿಗೆ ಕಾಯುತ್ತಿತ್ತು. ಕಾದರೆ ಅದರ ರಬ್ಬರ್ ಸೀಲುಗಳು ಸುಟ್ಟು, ಒಳಗಿನ ಗೇರ್ ಎಣ್ಣೆ ಸೋರಿ ಬ್ರೇಕಿನ ಮೇಲೇ ಬೀಳುತ್ತಿತ್ತು.

ಎಲ್ಲೋ ಹಳೆಯ ಪತ್ರಿಕೆಯೊಂದರಲ್ಲಿ ಇದಕ್ಕೆ ಮದ್ದು ಸಿಕ್ಕಿತು. ಗಾಡಿಯ ಹೊಟ್ಟೆಯಡಿ ಎರಡು ತಗಡಿನ ಬಾಯಿಗಳನ್ನು ಕೂರಿಸಿ, ಓಡುವಾಗಿನ ಗಾಳಿಯನ್ನು ಆ ಪೆಟ್ಟಿಗೆಯ ಕಡೆಗೆ ತಿರುಗಿಸುವುದು. ಚಿತ್ರವನ್ನು ಮೇಸ್ತ್ರಿಯ ಮುಂದಿಟ್ಟೆ. ಅವರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಮೊರ ಅಲ್ಲವೇನ್ರಿ ಎಂದರು. ಅಂದಿನಿಂದ ನಮ್ಮಿಬ್ಬರ ಬಾಯಲ್ಲೂ ಅದು ಮೊರವೇ ಆಯಿತು.

ಒಂದು ತಿಂಗಳು ಅವರು ಅದರಲ್ಲೇ ಮುಳುಗಿದರು. ನನ್ನ ಅಂಗಡಿಯ ಔಷಧಿ ಡಬ್ಬಗಳ ರಟ್ಟನ್ನು ಕತ್ತರಿಸಿ ಮೊದಲು ಅಳತೆ ತೆಗೆದರು. ಅಲ್ಯೂಮಿನಿಯಂ ತಗಡಿನಲ್ಲಿ ಮೂರು ಸಲ ಮಾಡಿ ಮೂರು ಸಲ ಕೆಡಿಸಿದರು. ನಾಲ್ಕನೆಯ ಜೋಡಿ ಕೂರಿಸಿದ ದಿನ ಕಾರಿನ ಮುಂದೆ ಬಾಡಿಗೆಯ ದೊಡ್ಡ ಫ್ಯಾನು ಇಟ್ಟು, ಊದಿನಕಡ್ಡಿಯ ಕಟ್ಟನ್ನೇ ಹಚ್ಚಿ ಗಾಡಿಯಡಿ ಮಲಗಿದರು. ಹೊಗೆ ಮೊರದೊಳಗೆ ನುಗ್ಗಿ ಪೆಟ್ಟಿಗೆಯನ್ನು ಸುತ್ತಿಕೊಂಡು ಹೋಗುವುದನ್ನು ಅವರು ಎಷ್ಟು ಹೊತ್ತು ನೋಡುತ್ತ ಮಲಗಿದ್ದರೋ... ಹೈಸ್ಕೂಲಿನಿಂದ ಬಂದ ಮಗಳು ಊಟಕ್ಕೆ ಕರೆದರೂ ಏಳಲಿಲ್ಲ.

ಆದರೆ ಹಳೆಯ ಸೀಲುಗಳು ಆಗಲೇ ಸುಟ್ಟಿದ್ದವು. ಹೊಸವು ಬರಲು ಇನ್ನೂ ಹತ್ತು ಹದಿನೈದು ದಿನ ಬೇಕಿತ್ತು. ನನಗೆ ತಡೆಯಲಾಗಲಿಲ್ಲ. ಆ ಭಾನುವಾರ ಶಿವಮೊಗ್ಗದಲ್ಲಿ ಹಳೆಯ ಕಾರುಗಳ ಮೆರವಣಿಗೆ ಇತ್ತು. ಅದಕ್ಕೂ ಮುಂಚೆ ಒಂದು ಸಲ ಸೊರಬದ ತನಕ ಓಡಿಸಿ ನೋಡೋಣ ಎಂದೆ.

“ಬ್ಯಾಡ್ರಿ. ಮೊರ ಗಾಳಿ ತರತೈತಿ, ಸೋರೋದನ್ನ ನಿಲ್ಲಸಂಗಿಲ್ಲ.”

ನಾನು ಕೇಳಲಿಲ್ಲ. ಬ್ರೇಕುಗಳನ್ನು ಪೆಟ್ರೋಲಿನಲ್ಲಿ ಒರೆಸಿದೆ. ನನ್ನನ್ನು ಒಬ್ಬನೇ ಕಳಿಸಲು ಮನಸ್ಸಾಗದೆ ಅವರೂ ಪಕ್ಕದಲ್ಲಿ ಕೂತರು.

ಶಿರಾಳಕೊಪ್ಪದಲ್ಲಿ ನಿಲ್ಲಿಸಿದೆವು. ಮೇಸ್ತ್ರಿ ಗಾಡಿಯಡಿ ನುಸುಳಿ ಪೆಟ್ಟಿಗೆಯ ಮೇಲೆ ಎಡಗೈ ಇಟ್ಟರು. ಅಷ್ಟು ಓಡಿದ ಮೇಲೆ ಬೆರಳು ತಾಗಿಸಿದರೆ ಬೊಬ್ಬೆ ಏಳಬೇಕಿತ್ತು. ಅವರ ಕೈ ಅಲ್ಲೇ ಇತ್ತು. “ಬರ್ರಿ, ನೀವೂ ಇಟ್ಟು ನೋಡ್ರಿ,” ಎಂದರು. ನಾನೂ ರಸ್ತೆಯ ಮಣ್ಣಿನಲ್ಲಿ ಮಲಗಿ ಕೈ ಇಟ್ಟೆ. ಉಗುರುಬೆಚ್ಚಗಿತ್ತು, ಅಷ್ಟೇ. ಆ ಮನುಷ್ಯ ಅಷ್ಟು ಖುಷಿಯಾಗಿದ್ದನ್ನು ನಾನು ಬೇರೆ ಯಾವತ್ತೂ ನೋಡಿರಲಿಲ್ಲ. ಆದರೆ ಹೊರಗೆ ಬರುವಾಗ ಅವರ ಬೆರಳಿಗೆ ಎಣ್ಣೆ ಹತ್ತಿತ್ತು. ಒಂದು ಮಗ್ಗುಲು ಒದ್ದೆಯಾಗಿದೆ, ಗಾಡಿ ಇಲ್ಲೇ ಬಿಟ್ಟು ಬಸ್ಸಿಗೆ ಹೋಗೋಣ ಎಂದರು. ಇನ್ನೆಷ್ಟು ದೂರ ಮಾರಾಯ್ರೇ, ನಿಧಾನ ಹೋಗ್ತೀನಿ ಎಂದೆ.

ನಿಧಾನ ಹೋಗಲಿಲ್ಲ. ರಸ್ತೆ ಖಾಲಿ ಇತ್ತು, ಹೊಲದಲ್ಲಿದ್ದವರು ತಿರುಗಿ ನೋಡುತ್ತಿದ್ದರು. ಮೇಸ್ತ್ರಿ ಎಡಗೈಯನ್ನು ಬಾಗಿಲ ಹೊರಮೈಗೆ ಊರಿ, ತಲೆ ಬಾಗಿಸಿ ಹಿಂದಿನ ಸದ್ದು ಆಲಿಸುತ್ತಿದ್ದರು. ಕೆರೆಯ ಏರಿ ದಾಟಿದ ಮೇಲೊಂದು ತಿರುವು. ಆಚೆ ನಾಲ್ಕೈದು ಎಮ್ಮೆಗಳು ರಸ್ತೆ ದಾಟುತ್ತಿದ್ದವು. ನಿಧಾನ ಬರುತ್ತಿದ್ದವರು ಸುಮ್ಮನೆ ನಿಲ್ಲಿಸಬಹುದಾಗಿದ್ದಷ್ಟು ದೂರ. ಬ್ರೇಕು ಒತ್ತಿದೆ. ಹಿಂದಿನ ಒಂದೇ ಚಕ್ರ ಹಿಡಿಯಿತು, ಎಣ್ಣೆ ಬಿದ್ದ ಮಗ್ಗುಲಿನದು ಹಿಡಿಯಲಿಲ್ಲ. ಗಾಡಿ ತಿರುಗಿ ತನ್ನ ಎಡಮಗ್ಗುಲನ್ನು ಮೋರಿಯ ಕಟ್ಟೆಗೆ ಕೊಟ್ಟಿತು.

ನನಗೆ ಒಂದು ಗೀರೂ ಆಗಲಿಲ್ಲ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೇಸ್ತ್ರಿಯ ಎಡಗೈಯ ನಾಲ್ಕು ಬೆರಳು ತೆಗೆದರು. ನೋಡಲು ಬಂದವರೆಲ್ಲ, ಸದ್ಯ ಬಲಗೈ ಉಳಿಯಿತಲ್ಲ ಎಂದು ಸಮಾಧಾನ ಹೇಳುತ್ತಿದ್ದರು. ಅವರು ಹೂಂ ಎನ್ನುತ್ತಿದ್ದರು. ಪೊಲೀಸಿನವರು ಕೇಳಿದಾಗ, ಎಮ್ಮೆ ಅಡ್ಡ ಬಂದವು, ಓಡಿಸಿದವರದೇನೂ ತಪ್ಪಿಲ್ಲ ಎಂದುಬಿಟ್ಟರು. ನಾನು ಅಲ್ಲೇ, ಮಂಚದ ಕಾಲ ಬಳಿ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಇದು ಒಂದು ಪಾಪ. ಇದಕ್ಕಿಂತ ದೊಡ್ಡದನ್ನು ಸೊರಬಕ್ಕೆ ಬಂದು ಮಾಡಿದೆ. ಅಂಗಡಿಗೆ ಬಂದವರು ತಾವೇ ಒಂದು ಕಥೆ ಕಟ್ಟಿದ್ದರು. ಶಿಕಾರಿಪುರದ ಟಿಂಕರ್ ಅದೇನೋ ತಗಡು ಸಿಕ್ಕಿಸಿದ್ದನಂತೆ, ಅದಕ್ಕೇ ಬ್ರೇಕು ಕೆಟ್ಟಿತಂತೆ. ನನ್ನ ಎದುರೇ ಹೇಳಿ, ಹೌದಾ ಎನ್ನುವಂತೆ ನನ್ನ ಮುಖ ನೋಡುತ್ತಿದ್ದರು. ನಾನು ಮಾತ್ರೆ ಎಣಿಸುತ್ತ ತಲೆ ಬಗ್ಗಿಸಿದೆ. ಒಬ್ಬರಿಗಾದರೂ ಅಲ್ಲ ಎನ್ನಲಿಲ್ಲ. ಆ ಮಾತು ಬಸ್ಸು ಹತ್ತಿ ಶಿಕಾರಿಪುರಕ್ಕೂ ಹೋಯಿತು.

ನಾಳೆ ಹೋಗಿ ನೋಡಿಕೊಂಡು ಬಂದರಾಯಿತು ಎಂದುಕೊಂಡೆ. ನಾಳೆ ತಿಂಗಳಾಯಿತು, ತಿಂಗಳು ವರ್ಷವಾಯಿತು... ಮೇಸ್ತ್ರಿ ಯಾವುದೋ ಗೋದಾಮಿನ ಗೇಟು ಕಾಯುತ್ತಾರೆ ಎಂದು ಒಮ್ಮೆ ಕಿವಿಗೆ ಬಿತ್ತು. ಶಿಕಾರಿಪುರಕ್ಕೆ ಕೆಲಸವಿದ್ದರೆ ಬೇರೆಯವರನ್ನು ಕಳಿಸುವುದು ರೂಢಿಯಾಯಿತು. ಕಾರನ್ನು ಗುಜರಿಗೆ ಹಾಕಿದೆ.

ಹೋದ ವಾರ, ಆ ಟೆಂಪೊ ನೋಡಿದ ದಿನ, ಮುಂದಿನ ಬಸ್ಸಿಗೆ ಶಿಕಾರಿಪುರಕ್ಕೆ ಹೋದೆ. ಇಪ್ಪತ್ತೆಂಟು ವರ್ಷವಾಗಿತ್ತು. ಶೆಡ್ಡಿದ್ದ ಕಡೆ ಮೊಬೈಲ್ ಅಂಗಡಿ ಇತ್ತು. ಮನೆ ಮಾತ್ರ ಅದೇ. ಮಗಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು, ಕಿವಿಯ ಬಳಿ ಕೂದಲು ನರೆತಿತ್ತು. ನಾನು ಯಾರೆಂದು ಹೇಳಿದೆ. ಅವಳು ಯಂತ್ರ ನಿಲ್ಲಿಸಿ, ಕುರ್ಚಿ ಎಳೆದು ಕೊಟ್ಟಳು. ಅಬ್ಬಾ ತೀರಿಹೋಗಿ ಆರು ವರ್ಷವಾಯಿತು ಎಂದಳು.

ಆಮೇಲೆ ಹೊಲಿಯುತ್ತಿದ್ದ ಬಟ್ಟೆಯನ್ನು ಮಡಚಿಟ್ಟು ಕೇಳಿದಳು: “ಅವತ್ತು ಶಿರಾಳಕೊಪ್ಪದಾಗ ಅದು ತಣ್ಣಗಿತ್ತೇನ್ರಿ?”

ಏನು ಎಂದು ಕೇಳುವ ಅಗತ್ಯವಿರಲಿಲ್ಲ. “ತಣ್ಣಗಿತ್ತಮ್ಮ. ನಾನೇ ಕೈ ಇಟ್ಟು ನೋಡಿದ್ದೆ. ನಿಮ್ಮ ತಂದೆ ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಬೇಡ ಬೇಡ ಅಂದ್ರೂ ಓಡಿಸಿದವನು ನಾನು.”

“ಅಬ್ಬಾನೂ ಹಂಗ ಹೇಳ್ತಿದ್ರು. ಮಂದಿ ನಂಬಲಿಲ್ಲ. ಕಡೀಕಡೀಗೆ ಅವರಿಗೇ ಅನುಮಾನ ಬಂದಿತ್ರಿ, ನನ್ನ ಮೊರನೇ ತಪ್ಪಿತ್ತೇನೋ ಅಂತ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ನೀವು ಆಗ ಬರಬೇಕಿತ್ತು.”

ಚಹಾ ಕೊಟ್ಟಳು, ಕುಡಿದೆ. ಬಾಗಿಲ ತನಕ ಬಂದಳು. ಮತ್ತೆ ಬನ್ನಿ ಎನ್ನಲಿಲ್ಲ.

ಸೊರಬಕ್ಕೆ ಬಂದವನು ಎಲ್ಲರಿಗೂ ನಿಜ ಹೇಳಬೇಕೆಂದು ಹೊರಟೆ. ಅಂದು ಅಂಗಡಿಯಲ್ಲಿ ನಿಂತು ಆ ಮಾತಾಡಿದವರಲ್ಲಿ ಹೆಚ್ಚಿನವರು ಸತ್ತಿದ್ದಾರೆ. ಉಳಿದವರು ಇಬ್ಬರು. ಒಬ್ಬರಿಗೆ ಕಿವಿ ಕೇಳುವುದಿಲ್ಲ. ಇನ್ನೊಬ್ಬರು ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, ಯಾವ ಟಿಂಕರ್, ನಿಮ್ಮ ಹತ್ತಿರ ಕಾರು ಯಾವಾಗ ಇತ್ತು ಎಂದರು.