ಬೆರಳಲ್ಲೇ ತಿರುವಿದ ಬೋಲ್ಟು

ಮೈಲಾರಿ ಒಳ್ಳೆಯ ಮೆಕ್ಯಾನಿಕ್, ಅದರಲ್ಲಿ ಎರಡು ಮಾತಿಲ್ಲ. ಬಾಯಿ ಮಾತ್ರ ಕೈಗಿಂತ ಮುಂದೆ. ಹುಬ್ಬಳ್ಳಿಯಲ್ಲಿ ಅವನ ಗ್ಯಾರೇಜಿನ ಎದುರಿಗೇ ನನ್ನ ಚಹಾದಂಗಡಿ. ಅವನು ಯಾರನ್ನು ಬೈದರೂ ಮೊದಲು ಕೇಳಿಸುವುದು ಈ ಸಾವಕ್ಕನಿಗೇ. ಯಾವ ಗಾಡಿ ಕೆಟ್ಟರೂ ಅವನ ಪ್ರಕಾರ ತಪ್ಪು ಓಡಿಸುವವನದು.

ಖಂಡೇಪೂಜೆ, ಅಂದರೆ ಆಯುಧಪೂಜೆಯ ದಿನ ಗುರುಶಿದ್ದಪ್ಪ ಹಳೆಯ ಓಮ್ನಿಯೊಂದನ್ನು ತಂದಿದ್ದ. ಅದು ದುರ್ಗದಬೈಲಿನ ಅರಿವೆ ವ್ಯಾಪಾರಿ ರಾಜೀವನ ಗಾಡಿ. ಗುರುಶಿದ್ದಪ್ಪ ಡ್ರೈವರು, ಮೈಲಾರಿಗಿಂತ ಹಿರಿಯ, ಮಾತು ಕಡಿಮೆ. ಎಂಜಿನ್ ಕುಂಟುತ್ತಿತ್ತು. ಮೈಲಾರಿ ಡಿಸ್ಟ್ರಿಬ್ಯೂಟರ್ ಸಡಿಲಿಸಿ, ಅದನ್ನು ಅತ್ತಿತ್ತ ತಿರುಗಿಸುತ್ತ, ಕಿಡಿ ಹಾರುವ ಹೊತ್ತನ್ನು ಹೊಂದಿಸುತ್ತಿದ್ದ. ಅಷ್ಟರಲ್ಲಿ ಹೆಂಡತಿ ಶಾಂಭವಿ ಕೂಗಿದಳು: "ಹತ್ಯಾರ ಎಲ್ಲಾ ಲಗೂ ತರ್ರಿ, ಪೂಜಿ ಹೊತ್ತಾತು!"

ಪೂಜೆಗಿಟ್ಟ ಹತ್ಯಾರವನ್ನು ಮರುದಿನ ಬನ್ನಿ ಮುಡಿಯುವ ತನಕ ಮುಟ್ಟುವಂತಿಲ್ಲ. ಇವನು ಬಿಗಿ ಮಾಡುವ ಪಾನಾಗಳನ್ನೆಲ್ಲ ಕೊಟ್ಟು, ಡಿಸ್ಟ್ರಿಬ್ಯೂಟರಿನ ಬೋಲ್ಟನ್ನು ಬೆರಳಲ್ಲೇ ತಿರುವಿ, "ಒಯ್ರಿ ಅಣ್ಣಾ, ಏನೂ ಆಗಂಗಿಲ್ಲ" ಎಂದುಬಿಟ್ಟ. ಮರುದಿನ ಗುರುಶಿದ್ದಪ್ಪ ಬನ್ನಿ ಕೊಡಲು ಬಂದ. "ಬಂಗಾರ ತಗೊಂಡು ಬಂಗಾರದಂಗ ಇರೋಣು" ಎಂದ. ಮೈಲಾರಿ ಅವನ ಕಾಲಿಗೆ ಬಿದ್ದ. ಬೋಲ್ಟು ನೆನಪಾಗಲಿಲ್ಲ.

ದೀಪಾವಳಿ ಹತ್ತಿರ ಬಂದಾಗ ರಾಜೀವ ಡ್ರೈವರನನ್ನು ಕರೆದುಕೊಂಡು ಸಿಟ್ಟಿನಲ್ಲಿ ಬಂದ. ಓಮ್ನಿಯ ಎಂಜಿನ್ ಇರುವುದೇ ಮುಂದಿನ ಸೀಟಿನಡಿ. ಅಲ್ಲಿ ಕೂತ ಅವನ ತಾಯಿ, "ಒಲಿ ಮ್ಯಾಲ ಕುಂತಂಗ ಆಗತೈತಿ" ಎಂದು ದಾರಿಯಲ್ಲೇ ಇಳಿದುಬಿಟ್ಟಿದ್ದಳಂತೆ.

ಮೈಲಾರಿ ಸೀಟು ಎತ್ತಿಯೂ ನೋಡಲಿಲ್ಲ. "ಸಣ್ಣ ಗೇರಿನ್ಯಾಗ ಜಗ್ಗಿ ಜಗ್ಗಿ ಹೊಡದಾರ್ರಿ. ಡ್ರೈವರನ್ನ ಬದಲ ಮಾಡ್ರಿ, ಗಾಡಿ ತಾನ ಸರಿ ಆಗತೈತಿ" ಎಂದ. ಚಹಾ ಕುಡಿಯುತ್ತಿದ್ದವರೆಲ್ಲ ನಕ್ಕರು. ರಾಜೀವ ಅಲ್ಲೇ ಗುರುಶಿದ್ದಪ್ಪನ ಕೈಯಿಂದ ಕೀಲಿ ಕಿತ್ತು ಮೈಲಾರಿಗೆ ಕೊಟ್ಟು, "ನಾಳಿಂದ ಬರಬ್ಯಾಡ" ಎಂದು ಡ್ರೈವರನಿಗೆ ಹೇಳಿದ. ಗುರುಶಿದ್ದಪ್ಪ ಮೈಲಾರಿಯ ಮುಖವನ್ನೊಮ್ಮೆ ನೋಡಿ ನಡೆದುಹೋದ.

ಅವರೆಲ್ಲ ಹೋದ ಮೇಲೆ ಮೈಲಾರಿ ಸೀಟು ಎತ್ತಿ ಎಂಜಿನ್ ಓಡಿಸಿದ. ಸುಟ್ಟ ಹೊಗೆ ಹೊರಬೀಳುವ ಬೀಡುಕಬ್ಬಿಣದ ಕೊಳವೆ, ಮ್ಯಾನಿಫೋಲ್ಡು, ಸ್ವಲ್ಪ ಹೊತ್ತಿಗೇ ಕೆಂಡದ ಹಾಗೆ ಕೆಂಪಾಯಿತು. ಸೈಲೆನ್ಸರ್ ಕಟ್ಟಿಕೊಂಡಿರಬಹುದೆಂದು ಹಿಂದೆ ಕೈ ಹಿಡಿದ. ಹೊಗೆ ಸರಾಗವಾಗಿ ಬರುತ್ತಿತ್ತು. ಕಾರ್ಬ್ಯುರೇಟರ್ ಬಿಚ್ಚಿದ, ಸ್ವಚ್ಛವಾಗಿತ್ತು. ಹಾಗಾದರೆ ಕಿಡಿ ತಡವಾಗಿ ಹಾರಿ, ಪೆಟ್ರೋಲು ಕೊಳವೆಗೆ ಬಂದು ಉರಿಯುತ್ತಿರಬೇಕು. ಡಿಸ್ಟ್ರಿಬ್ಯೂಟರ್ ಮುಟ್ಟಿದ. ಅದು ಕೈಯಲ್ಲೇ ತಿರುಗಿತು.

ಚಹಾ ಕೊಡಲು ಹೋದ ನಾನು ಸುಮ್ಮನೆ, "ಏನಾಗಿತ್ತೋ?" ಎಂದೆ.

"ನಾ ಏನ್ ಮಾಡೇನಿ? ನಂದೇನೂ ತಪ್ಪಿಲ್ಲ!" ಎಂದು ಹಾರಿಬಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಿಡಿಸಿ ಬಿಡಿಸಿ ಕೇಳಿದೆ. ಕಡೆಗೆ ಹೇಳಿದ. "ಬಿಗಿ ಮಾಡಿಬಿಟ್ರ ಯಾರಿಗೂ ಗೊತ್ತಾಗಂಗಿಲ್ಲ ಸಾವಕ್ಕಾ. ಆದ್ರ ಆ ಮನಷ್ಯಾ ನನ್ನ ನೋಡಿದ್ದು ಕಣ್ಣಮುಂದಿಂದ ಹೋಗವಲ್ದು."

"ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ! ಆತನ ಅನ್ನದಾಗ ಮಣ್ಣ ಹಾಕಿ ಚಹಾ ಹ್ಯಾಂಗ ಕುಡೀತಿ? ಏಳು!" ಎಂದೆ. ಅಂಗಡಿ ಬಾಗಿಲು ಹಾಕಿ ನಾನೂ ಜೊತೆಗೆ ಹೊರಟೆ. ಇವನನ್ನು ಒಬ್ಬನೇ ಕಳಿಸಿದ್ದರೆ ಅರ್ಧ ದಾರಿಯಿಂದಲೇ ತಿರುಗುತ್ತಿದ್ದ.

ದುರ್ಗದಬೈಲಿನ ಅಂಗಡಿಯಲ್ಲಿ ಗುರುಶಿದ್ದಪ್ಪ ಗಾಡಿಯ ಇನ್ನೊಂದು ಕೀಲಿ ಒಪ್ಪಿಸಲು ಬಂದಿದ್ದ. ಗಿರಾಕಿಗಳ ಮುಂದೆಯೇ ಮೈಲಾರಿ, "ತಪ್ಪ ನಂದರಿ ಸಾಹುಕಾರ್ರ. ಬೋಲ್ಟ ಬಿಗಿ ಮಾಡಿದ್ದಿಲ್ಲ. ಇವ್ರದೇನೂ ಇಲ್ಲ" ಎಂದ. ರಾಜೀವ ಅವನಿಗೆ ಸರಿಯಾಗಿಯೇ ಬೈದ, ಆಮೇಲೆ ಆ ಕೀಲಿಯನ್ನು ಗುರುಶಿದ್ದಪ್ಪನ ಕೈಗೆ ಮರಳಿ ಕೊಟ್ಟ.

ಹೊರಗೆ ಬಂದ ಮೇಲೆ ಗುರುಶಿದ್ದಪ್ಪ ಮೆಲ್ಲಗೆ ಹೇಳಿದ: "ನೀ ಬೆರಳಿಲೆ ತಿರುವಿದ್ದು ನಾ ಅವತ್ತ ನೋಡಿದ್ನೋ ತಮ್ಮಾ."

"ಮತ್ತ ಎಲ್ಲಾರ ಮುಂದ ಯಾಕ ಹೇಳಲಿಲ್ಲರಿ ಅಣ್ಣಾ?"

"ಬಂಗಾರದಂಗ ಇರೋಣು ಅಂತ ನಿನಗ ಬನ್ನಿ ಕೊಟ್ಟಿದ್ನಲ್ಲ. ಅದ ಬಾಯಿಲೆ ನಿನ್ನ ಹೆಸರ ಹ್ಯಾಂಗ ತಗೀಲಿ?"

ಮೈಲಾರಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತ. ನಾನು ಅವನನ್ನು ಸಮಾಧಾನ ಮಾಡಲಿಲ್ಲ.