ಅಮ್ಮನ ಗೊಬ್ಬರದ ಗುಂಡಿ, ಅಪ್ಪನ ಕೊಡೆಯ ಕಡ್ಡಿ

ಇವತ್ತು ಮುಂಬಯಿಯ ದಹಿಸರ್‌ನ ನಮ್ಮ ಬಿಲ್ಡಿಂಗ್ ಕೆಳಗೆ ತೆಂಗಿನ ಗರಿಯೊಂದು ಬಿದ್ದಿತ್ತು. ಕತ್ತರಿಯಾಡಿಸಿದಂತೆ ಎಲೆಗಳೆಲ್ಲ ಓರೆಯಾಗಿ ತುಂಡಾಗಿದ್ದವು. ನೋಡಿದ್ದೇ ತಡ, ನಾನು ಬೆಳೆದ ಸಾಂತಾಕ್ರೂಜ್‌ನ ಸಾಲುಮನೆಗಳ ಚಾಳು ನೆನಪಾಯಿತು.

ಅಪ್ಪ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ಚಾಳಿನ ಹಿಂದಿನ ನಾಲ್ಕು ತೆಂಗಿನ ಮರಗಳನ್ನು ಅಮ್ಮ ಸಾಕುತ್ತಿದ್ದಳು. ತಬೇಲಾದ ಎಮ್ಮೆ ಕೊಟ್ಟಿಗೆಯಿಂದ ಸೆಗಣಿ ಹೊತ್ತು ತಂದು, ಊರಿನಲ್ಲಿ ಮಾಡುವಂತೆ ಬುಡದ ಪಕ್ಕದಲ್ಲೇ ಗುಂಡಿಗೆ ತುಂಬುತ್ತಿದ್ದಳು. ಆದರೂ ಸುಳಿಗಳು ಹರಿದು, ಗರಿಗಳು ಹೀಗೇ ತುಂಡುತುಂಡಾಗಿ ಬಿಚ್ಚಿಕೊಳ್ಳತೊಡಗಿದವು. ಇದು ರೋಗ, ಮರ ಕಡಿಸುತ್ತೇನೆ ಎಂದ ಚಾಳಿನ ಮಾಲೀಕ.

ಎರಡು ದಿನ ತಡೆಯಿರಿ ಎಂದು ಅಮ್ಮ ತನ್ನ ಹರಕುಮುರುಕು ಮರಾಠಿಯಲ್ಲಿ ಕೇಳಿಕೊಂಡಳು. ಮರುದಿನ ಎಲ್ಲರೆದುರು ಗುಂಡಿ ಕೆದಕಿದಳು. ಹೆಬ್ಬೆರಳ ದಪ್ಪದ ಬಿಳಿ ಹುಳುಗಳು ಸುರುಳಿ ಸುತ್ತಿ ಮಲಗಿದ್ದವು.

“ನೋಡಿ ಮಾರಾಯ್ರೆ,” ಎಂದಳು ಅಪ್ಪನಿಗೆ. “ಇವೇ ಕುರುವಾಯಿ ದುಂಬಿಯಾಗಿ ಹಾರಿ ಸುಳಿ ಕೊರೆಯುವುದು. ಸಾಕಿದ್ದು ನಾನೇ. ತಪ್ಪು ನಂದೇ.”

ಅಪ್ಪ ಹಳೆಯ ಕೊಡೆಯ ಕಡ್ಡಿಯನ್ನು ಕೊಕ್ಕೆಯಾಗಿ ಬಾಗಿಸಿಕೊಂಡು ಮರ ಹತ್ತಿದರು. ರಂಧ್ರಗಳಿಂದ ಕೊಂಬಿನ ಕರಿ ದುಂಬಿಗಳನ್ನು ಎಳೆದು ಹಾಕಿದರು. ಅಮ್ಮ ಗೊಬ್ಬರವನ್ನೆಲ್ಲ ಬಿಸಿಲಿಗೆ ಹರವಿದಳು. ಹುಳುಗಳನ್ನು ನೆರೆಮನೆಯ ಕೋಳಿಗಳು ಮುಗಿಸಿದವು.

ಮಳೆಗಾಲ ಕಳೆಯುವಷ್ಟರಲ್ಲಿ ಹೊಸ ಗರಿಗಳು ಇಡಿಯಾಗಿ ಬಿಚ್ಚಿಕೊಂಡವು. ಅಲ್ಲಿಯವರೆಗೆ ನಾವು ಬರೀ ‘ಮದ್ರಾಸಿ’ಗಳು. ಆಮೇಲೆ ಓಣಿಯವರೆಲ್ಲ ತಮ್ಮ ಮರ ತೋರಿಸಲು ಅಮ್ಮನನ್ನು ಕರೆಯುತ್ತಿದ್ದರು. ನಾನು ಅವಳ ಸೆರಗು ಹಿಡಿದು, ತಲೆಯೆತ್ತಿ ಜೊತೆಗೆ ಹೋಗುತ್ತಿದ್ದೆ.

“ಮರ ಕಡಿಸಿಬಿಡೋಣ ಆಂಟಿ, ರೋಗ ಬಂದಿದೆ,” ಎಂದ ಇವತ್ತು ನಮ್ಮ ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿ, ಬಿದ್ದ ಗರಿ ತೋರಿಸಿ.

“ಎರಡು ದಿನ ತಡಿಯಪ್ಪ,” ಎಂದು ಹೇಳಿ ಮೇಲೆ ಬಂದೆ. ಈಗ ಹಳೆಯ ಕೊಡೆ ಹುಡುಕುತ್ತಿದ್ದೇನೆ.